ಡ್ರಮ್ ಕೋರ್ ನಡಿಗೆ: ಎರಡು ಎಣಿಕೆಗಳ ನಡುವೆ ಕಾಲು ಎಲ್ಲಿರಬೇಕು?

ಮೈದಾನದಲ್ಲಿ ನಡೆಯುತ್ತಲೇ ಹಿತ್ತಾಳೆ ವಾದ್ಯ, ಡ್ರಮ್ ನುಡಿಸುವ ತಂಡವೇ ಡ್ರಮ್ ಕೋರ್. ಯಾವುದಾದರೂ ಒಳ್ಳೆಯ ಡ್ರಮ್ ಕೋರ್‌ನ ವಿಡಿಯೊ ಹಾಕಿ, ಶಬ್ದ ಬಂದ್ ಮಾಡಿ, ಟ್ರಂಪೆಟ್‌ಗಳ ಬಾಯಿಯನ್ನಷ್ಟೇ ನೋಡಿ. ಕೆಳಗೆ ಕಾಲುಗಳು ನಿಮಿಷಕ್ಕೆ 180 ಹೆಜ್ಜೆಯ ವೇಗದಲ್ಲಿ ಹರಿದಾಡುತ್ತಿರುತ್ತವೆ, ಮೇಲೆ ವಾದ್ಯಗಳ ಸಾಲು ಮಾತ್ರ ಒಂದೇ ಮಟ್ಟದಲ್ಲಿ ಸಾಗುತ್ತಿರುತ್ತದೆ. ಅದನ್ನು ಸಾಧಿಸುವ ಕ್ರಮವನ್ನು ಇಲ್ಲಿ ಬಿಡಿಸಿ ಹೇಳಿದೆ. ಅಮೆರಿಕದ ಹೈಸ್ಕೂಲ್ ಬ್ಯಾಂಡಿನಲ್ಲಿದ್ದು ಮುಂದೆ ಕೋರ್‌ಗೆ ಆಡಿಶನ್ ಕೊಡಬೇಕೆನ್ನುವವರಿಗೂ, ಅವರನ್ನು ಅಭ್ಯಾಸಕ್ಕೆ ಕರೆದೊಯ್ದು ಮೈದಾನದ ಬದಿಯಲ್ಲಿ ಕೂರುವ ಅಪ್ಪ-ಅಮ್ಮಂದಿರಿಗೂ, ಎನ್‌ಸಿಸಿಯಲ್ಲಿ ತೇಜ್ ಚಲ್ ಕಲಿತು ‘ಇದೇನು ಬೇರೆ ತರಹ ನಡೆಯುತ್ತಾರಲ್ಲ’ ಎಂದು ಕುತೂಹಲಪಟ್ಟವರಿಗೂ ಇದು ಉಪಯೋಗಕ್ಕೆ ಬರಬಹುದು.

ಹೊಸಬರಿಗೆ ಎರಡು ಮಾತು. ಈ ತಂಡಗಳ ಸ್ಪರ್ಧೆಗಳನ್ನು ನಡೆಸುವುದು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಎಲ್ಲರ ಬಾಯಲ್ಲಿ ಡಿಸಿಐ. ಮೊದಲ ಚಾಂಪಿಯನ್‌ಶಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ. ಈಗಿನ ಫೈನಲ್ಸ್ ಊರು ಇಂಡಿಯಾನಾಪೊಲಿಸ್. ದೊಡ್ಡ ಕೋರ್‌ನಲ್ಲಿ 165 ಮಂದಿಯವರೆಗೆ ಇರುತ್ತಾರೆ: ಹಿತ್ತಾಳೆ ವಾದ್ಯದವರು, ಕೊರಳಿಗೆ ಡ್ರಮ್ ಹೊತ್ತ ಬ್ಯಾಟರಿ, ಮೈದಾನದ ಮುಂದೆ ನಿಂತು ನುಡಿಸುವ ಪಿಟ್, ಬಾವುಟ-ರೈಫಲ್ ಹಿಡಿದ ಕಲರ್ ಗಾರ್ಡ್. ನೂರು ಅಂಕದಲ್ಲಿ 40 ಒಟ್ಟಾರೆ ಪರಿಣಾಮಕ್ಕೆ, 30 ಸಂಗೀತಕ್ಕೆ, 30 ದೃಶ್ಯಕ್ಕೆ. ನಡಿಗೆಯ ಶುದ್ಧಿಯನ್ನು ನೇರವಾಗಿ ಅಳೆಯುವುದು ಆ ಕೊನೆಯ ಮೂವತ್ತರಲ್ಲಿ. ಆದರೆ ನಡಿಗೆ ಕೆಟ್ಟರೆ ನುಡಿಸಾಣಿಕೆಯೂ ಕೆಡುತ್ತದೆ, ಹಾಗಾಗಿ ಪೆಟ್ಟು ಬೀಳುವುದು ಮೂವತ್ತಕ್ಕಷ್ಟೇ ಅಲ್ಲ.

ಮೊದಲು ಅಳತೆ

ಅಮೆರಿಕನ್ ಫುಟ್‌ಬಾಲ್ ಮೈದಾನವೇ ಇಲ್ಲಿನ ಗ್ರಾಫ್ ಹಾಳೆ. ಒಂದು ಗೋಲು ಗೆರೆಯಿಂದ ಇನ್ನೊಂದಕ್ಕೆ 100 ಗಜ, ಅಗಲ 160 ಅಡಿ, ಪ್ರತಿ 5 ಗಜಕ್ಕೊಂದು ಅಡ್ಡಗೆರೆ. ಎರಡು ಗೆರೆಗಳ ನಡುವಿನ ಜಾಗವನ್ನು 8 ಸಮ ಹೆಜ್ಜೆಯಲ್ಲಿ ದಾಟಿದರೆ ಅದು ‘8 ಟು 5’. ಇದೇ ಮೂಲ ಹೆಜ್ಜೆ, ಉಳಿದ ಲೆಕ್ಕವೆಲ್ಲ ಇದರ ಮೇಲೆ.

- 16 ಟು 5: 28.6 ಸೆಂ.ಮೀ.
- 12 ಟು 5: 38.1 ಸೆಂ.ಮೀ.
- 8 ಟು 5: 57.15 ಸೆಂ.ಮೀ. (ಇಪ್ಪತ್ತೆರಡೂವರೆ ಇಂಚು)
- 6 ಟು 5: 76.2 ಸೆಂ.ಮೀ. (30 ಇಂಚು)
- 5 ಟು 5: 91.4 ಸೆಂ.ಮೀ.
- 4 ಟು 5: 114.3 ಸೆಂ.ಮೀ.

ಎನ್‌ಸಿಸಿ ಕವಾಯತಿನ 30 ಇಂಚಿನ ಹೆಜ್ಜೆ ಸರಿಯಾಗಿ 6 ಟು 5. ಅಂದರೆ ಕವಾಯತಿನಲ್ಲಿ ಸಹಜವೆನಿಸುವ ಹೆಜ್ಜೆ ಕೋರ್‌ನಲ್ಲಿ ದೊಡ್ಡ ಹೆಜ್ಜೆಯ ಸಾಲಿಗೆ ಸೇರುತ್ತದೆ.

ಮೈದಾನದ ಅಗಲಕ್ಕೆ ‘ಹ್ಯಾಶ್’ ಗುರುತುಗಳಿವೆ. ಮುಂದಿನ ಅಂಚಿನಿಂದ ಕಾಲೇಜು ಮೈದಾನದ ಮುಂದಿನ ಹ್ಯಾಶ್‌ಗೆ 60 ಅಡಿ, ಸರಿಯಾಗಿ 32 ಹೆಜ್ಜೆ. ಹೈಸ್ಕೂಲ್ ಮೈದಾನದಲ್ಲಿ 53 ಅಡಿ 4 ಇಂಚು, ಇಪ್ಪತ್ತೆಂಟೂವರೆಗೆ ಕೂದಲೆಳೆ ಕಡಿಮೆ. ಶಾಲೆಯ ಮೈದಾನದಲ್ಲಿ ಬಾಯಿಪಾಠವಾದ ಲೆಕ್ಕವನ್ನೇ ಕೋರ್‌ಗೆ ಕೊಂಡೊಯ್ದವರು ಮೊದಲ ದಿನವೇ ಮೂರೂವರೆ ಹೆಜ್ಜೆ ತಪ್ಪಾದ ಜಾಗದಲ್ಲಿ ನಿಂತಿರುತ್ತಾರೆ. ಯಾವ ಹ್ಯಾಶ್ ಎಂದು ಮೊದಲೇ ಕೇಳಿಕೊಳ್ಳಿ.

ಫುಟ್‌ಬಾಲ್ ಮೈದಾನ ಹತ್ತಿರ ಇಲ್ಲದಿದ್ದರೆ ಸಮತಟ್ಟಾದ ಯಾವ ಜಾಗವೂ ಆದೀತು. 4 ಮೀಟರ್ 57 ಸೆಂ.ಮೀ. ಅಂತರದಲ್ಲಿ ಸೀಮೆಸುಣ್ಣದಿಂದ ನಾಲ್ಕು ಗೆರೆ ಎಳೆಯಿರಿ. ಒಂದು ಜೋಡಿ ಗೆರೆಗಳ ನಡುವೆ ಮಾತ್ರ ಪ್ರತಿ 57 ಸೆಂ.ಮೀ.ಗೆ ಚುಕ್ಕಿ ಇಡಿ. ಉಳಿದ ಎರಡು ಮನೆ ಖಾಲಿ ಇರಲಿ. ಚುಕ್ಕಿಯ ಮನೆಯಲ್ಲಿ ಕಾಲು ಕಲಿತದ್ದನ್ನು ಖಾಲಿ ಮನೆಯಲ್ಲಿ ಪರೀಕ್ಷಿಸಬೇಕು.

ನಿಲುವು

ಎರಡೂ ಪಾದ ಸಮಾನಾಂತರ, ಕೂಡಿದ ಹಿಮ್ಮಡಿ, ಕೂಡಿದ ಹೆಬ್ಬೆರಳು. ಸಾವಧಾನ್‌ನಲ್ಲಿ ಹೆಬ್ಬೆರಳುಗಳು 30 ಡಿಗ್ರಿ ತೆರೆದಿರುತ್ತವಲ್ಲ, ಇಲ್ಲಿ ಬಹುತೇಕ ಕಡೆ ಹಾಗಿಲ್ಲ. ಪಾದ ಹೊರಕ್ಕೆ ತಿರುಗಿದ್ದರೆ ಪ್ರತಿ ಹೆಜ್ಜೆಗೂ ಸೊಂಟ ಸ್ವಲ್ಪ ಹೊರಳುತ್ತದೆ, ಆ ಹೊರಳು ವಾದ್ಯದ ಬಾಯಿಗೆ ಬಂದು ಮುಟ್ಟುತ್ತದೆ. ಕಾಲಗಿಣ್ಣು, ಮಂಡಿ, ಸೊಂಟ, ಭುಜ, ಕಿವಿ ಇವು ಒಂದರ ಮೇಲೊಂದು ಲಂಬವಾಗಿ ಕೂರಬೇಕು. ಮೈಭಾರ ಹಿಮ್ಮಡಿಯಿಂದ ಮುಂದಕ್ಕೆ ಸರಿದು, ಕಾಲ್ಬೆರಳುಗಳ ಬುಡದ ದಪ್ಪ ಭಾಗದ ಮೇಲೆ ಬರಬೇಕು. ಇದನ್ನು ಕೋರ್‌ಗಳಲ್ಲಿ ‘ಪ್ಲಾಟ್‌ಫಾರ್ಮ್’ ಎನ್ನುತ್ತಾರೆ. ಹಿಮ್ಮಡಿ ನೆಲ ಮುಟ್ಟಿಯೇ ಇರುತ್ತದೆ, ಆದರೆ ಅದರಡಿ ಒಂದು ಕಾಗದ ತೂರಿಸಿದರೆ ಎಳೆದುಕೊಳ್ಳಲು ಬರುವಷ್ಟು ಹಗುರ.

ಎದೆ ಉಬ್ಬಿಸುವುದು ಸೈನಿಕ ಕವಾಯತಿನ ಅಭ್ಯಾಸ. ಇಲ್ಲಿ ಅದು ಬೇಡ. ಎದೆ ಉಬ್ಬಿಸಿದರೆ ಸೊಂಟದ ಹಿಂಬದಿ ಬಾಗುತ್ತದೆ, ಪಕ್ಕೆಲುಬು ತೆರೆದು ಬಿಗಿಯುತ್ತದೆ, ಉಸಿರು ಮೇಲಷ್ಟೇ ತುಂಬುತ್ತದೆ. ನೆತ್ತಿಯನ್ನು ಯಾರೋ ಮೇಲಕ್ಕೆ ಎಳೆದ ಹಾಗೆ ಬೆನ್ನು ಉದ್ದವಾಗಬೇಕು, ಭುಜ ಇಳಿದು ಅಗಲವಾಗಬೇಕು. ವಾದ್ಯ ಎತ್ತಿದ ಮೇಲೆ ಟ್ರಂಪೆಟ್-ಮೆಲೊಫೋನ್‌ನವರಿಗೆ ಬಾಯಿ ನೆಲಕ್ಕೆ ಸಮಾನಾಂತರಕ್ಕಿಂತ ಸುಮಾರು 10 ಡಿಗ್ರಿ ಮೇಲೆ ಎಂಬ ಲೆಕ್ಕ ಹಲವು ಕಡೆ ಇದೆ. ಮೊಣಕೈ ಪಕ್ಕೆಗೆ ಅಂಟಬಾರದು, ರೆಕ್ಕೆಯಾಗಿಯೂ ಎದ್ದಿರಬಾರದು.

ಈ ನಿಲುವಿನಲ್ಲೇ ಐದು ನಿಮಿಷ ವಾದ್ಯ ಎತ್ತಿ ನಿಂತು ನೋಡಿ. ಭುಜ ಮೊದಲು ಕಿವಿಯ ಕಡೆ ಏರುತ್ತದೆ, ಆಮೇಲೆ ಸೊಂಟ ಮುಂದೆ ಜಾರುತ್ತದೆ. ನಿಂತಲ್ಲೇ ಹೀಗಾದರೆ ನಡೆಯುವಾಗ ಹೇಳುವುದೇ ಬೇಡ.

ಮುಂದಿನ ಹೆಜ್ಜೆ, ಎಲ್ಲಕ್ಕೂ ಬುಡ

ಹೆಚ್ಚಿನ ಕೋರ್‌ಗಳು ನೇರಗಾಲಿನ ನಡಿಗೆ ಕಲಿಸುತ್ತವೆ. ಕೆಲವು ಮಂಡಿ ಮಡಿಚಿ ಪಾದ ಎತ್ತುವ ಶೈಲಿಯಲ್ಲಿ ನಡೆಯುತ್ತವೆ. ಇಲ್ಲಿ ಹೇಳುತ್ತಿರುವುದು ನೇರಗಾಲಿನದು. ‘ನೇರ’ ಎಂದರೆ ಮಂಡಿ ಬಿಗಿದು ಲಾಕ್ ಮಾಡುವುದಲ್ಲ. ಲಾಕ್ ಮಾಡಿದರೆ ನೆಲದ ಹೊಡೆತವೆಲ್ಲ ನೆಟ್ಟಗೆ ಸೊಂಟಕ್ಕೆ, ಅಲ್ಲಿಂದ ತುಟಿಗೆ.

ಎಲ್ಲರೂ ಎಡಗಾಲಿನಿಂದ ಶುರು. ಎಣಿಕೆ ಹೀಗೆ ಬಿಡಿಸಿಕೊಳ್ಳಿ:

1. ‘ಏಳು’ ಎನ್ನುವಾಗ ಭಾರ ಸಂಪೂರ್ಣ ಪ್ಲಾಟ್‌ಫಾರ್ಮಿಗೆ ಬಂದಿರಲಿ.
2. ‘ಎಂಟು’ ಎನ್ನುವಾಗ ಬಲಪಾದದಿಂದ ನೆಲವನ್ನು ಒತ್ತಿ. ಮೈ ಇನ್ನೂ ಹೊರಟಿಲ್ಲ.
3. ಎಂಟರ ನಂತರದ ಅರೆ ಎಣಿಕೆಗೆ ಎಡಪಾದ ಹೊರಡುತ್ತದೆ, ಅದರ ಜೊತೆಯಲ್ಲೇ ಇಡೀ ಮೈ ಹೊರಡುತ್ತದೆ.
4. ‘ಒಂದು’ ಎನ್ನುವ ಕ್ಷಣಕ್ಕೆ ಎಡ ಹಿಮ್ಮಡಿಯ ಹಿಂತುದಿ ನೆಲ ಮುಟ್ಟುತ್ತದೆ. ಕಾಲ್ಬೆರಳು ಮೇಲೆ, ಮುಂದೆ ನಿಂತವರಿಗೆ ಶೂವಿನ ತಳ ಕಾಣುವಷ್ಟು. ಭಾರ ಎರಡು ಪಾದಗಳ ಮಧ್ಯದಲ್ಲಿದೆ.
5. ಒಂದರ ನಂತರದ ಅರೆ ಎಣಿಕೆಗೆ ಎಡ ಅಂಗಾಲು ಪೂರ್ತಿ ನೆಲಕ್ಕೆ ಉರುಳಿದೆ, ಭಾರವೆಲ್ಲ ಅದರ ಮೇಲೆ, ಬಲ ಕಾಲಗಿಣ್ಣು ಎಡ ಕಾಲಗಿಣ್ಣಿನ ಪಕ್ಕ ಹಾಯುತ್ತಿದೆ.
6. ‘ಎರಡು’ ಎನ್ನುವ ಕ್ಷಣಕ್ಕೆ ಬಲ ಹಿಮ್ಮಡಿ.

ಇಷ್ಟರಲ್ಲಿ ಐದನೆಯದೇ ಪ್ರಾಣ. ಹಿಮ್ಮಡಿ ಎಣಿಕೆಗೆ ಸರಿಯಾಗಿ ಬೀಳುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಕಿವಿಯೇ ಕಲಿಸುತ್ತದೆ. ಆದರೆ ಎರಡು ಎಣಿಕೆಗಳ ನಡುವೆ ಮೈ ಎಲ್ಲಿದೆ ಎನ್ನುವುದನ್ನು ಕಿವಿ ಹೇಳಿಕೊಡುವುದಿಲ್ಲ. ಒಬ್ಬರು ಪಾದವನ್ನು ಬೇಗನೆ ಎಸೆದು ಗಾಳಿಯಲ್ಲಿ ಕಾದು ಹಿಮ್ಮಡಿ ಇಡುತ್ತಾರೆ. ಇನ್ನೊಬ್ಬರು ಹಿಂದಿನ ಕಾಲನ್ನು ಎಳೆದುಕೊಂಡು ಕೊನೆಗಳಿಗೆಯಲ್ಲಿ ಚಾವಟಿಯಂತೆ ಮುಂದೆ ಬೀಸುತ್ತಾರೆ. ಇಬ್ಬರ ಹಿಮ್ಮಡಿಯೂ ‘ಒಂದು’ ಎನ್ನುವಾಗಲೇ ಬಿತ್ತು, ಆದರೂ ದೂರದ ಮೇಲಿನ ಗ್ಯಾಲರಿಯಿಂದ ನೋಡಿದರೆ ಸಾಲು ಕಲೆಸಿಹೋಗಿದೆ. ‘ಕಾಲು ತಾಳಕ್ಕಿದೆ, ಆದರೂ ಕೊಳಕಾಗಿ ಕಾಣುತ್ತಿದೆ’ ಎಂದು ಕಲಿಸುವವರು ತಲೆ ಕೆರೆದುಕೊಳ್ಳುವ ಸಂದರ್ಭಗಳಲ್ಲಿ ಹತ್ತಕ್ಕೆ ಎಂಟು ಸಲ ಕಾರಣ ಇದೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫೋನನ್ನು ಮಂಡಿಯ ಎತ್ತರದಲ್ಲಿ, ನೀವು ಸಾಗುವ ದಾರಿಗೆ ಅಡ್ಡಲಾಗಿ ನಿಲ್ಲಿಸಿ. ಸೆಕೆಂಡಿಗೆ 60 ಫ್ರೇಮಿಗೆ ಹೊಂದಿಸಿ, ಮೆಟ್ರೊನೋಮನ್ನು 120ಕ್ಕಿಟ್ಟು ನಡೆಯಿರಿ. 120ರಲ್ಲಿ ಒಂದು ಎಣಿಕೆ ಅರ್ಧ ಸೆಕೆಂಡು, ಅಂದರೆ 30 ಫ್ರೇಮು. ಹಿಮ್ಮಡಿ ನೆಲ ಮುಟ್ಟಿದ ಫ್ರೇಮಿನಿಂದ ಎಣಿಸುತ್ತ ಹೋಗಿ. ಹದಿನೈದನೆಯ ಫ್ರೇಮಿನಲ್ಲಿ ಎರಡು ಕಾಲಗಿಣ್ಣುಗಳು ಒಂದನ್ನೊಂದು ಮರೆಮಾಡಿರಬೇಕು. ಹನ್ನೊಂದರಲ್ಲೇ ದಾಟಿದ್ದರೆ ನೀವು ಎಸೆಯುವವರು. ಹತ್ತೊಂಬತ್ತಕ್ಕೆ ದಾಟಿದರೆ ಎಳೆಯುವವರು. 180ರಲ್ಲಿ ಒಂದು ಎಣಿಕೆಗೆ 20 ಫ್ರೇಮು, ದಾಟಬೇಕಾದ್ದು ಹತ್ತನೆಯದರಲ್ಲಿ. ನಿಧಾನ ಲಯದಲ್ಲಿ ಸರಿಯಿದ್ದವರು ವೇಗದಲ್ಲಿ ಎಸೆಯಲು ಶುರು ಮಾಡುವುದು ಸಾಮಾನ್ಯ, ಹಾಗಾಗಿ ಎರಡೂ ವೇಗದಲ್ಲಿ ಚಿತ್ರೀಕರಿಸಿ.

ಮೊದಲ ಹೆಜ್ಜೆ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ನಿಂತವರು ಹೊರಡುವಾಗ ಮೊದಲ ಹೆಜ್ಜೆ ಚಿಕ್ಕದಾಗಿ, ತಡವಾಗಿ ಬೀಳುತ್ತದೆ. ಭಾರ ಇನ್ನೂ ಹಿಮ್ಮಡಿಯಲ್ಲೇ ಕೂತಿರುವುದೇ ಕಾರಣ. ಕಡಿಮೆಯಾದ ಆ ನಾಲ್ಕಾರು ಸೆಂ.ಮೀ.ಗಳನ್ನು ಉಳಿದ ಏಳು ಹೆಜ್ಜೆಗಳಲ್ಲಿ ಗೊತ್ತಿಲ್ಲದೆ ಹಂಚಿಕೊಂಡು ನಡೆಯುವುದರಿಂದ ಎಂಟನೆಯದು ಗೆರೆಗೆ ಬೀಳುತ್ತದೆ, ನಡುವಿನ ಯಾವುದೂ ಸರಿ ಇರುವುದಿಲ್ಲ. ಗೆರೆ ಮುಟ್ಟಿದೆ ಎಂಬ ಸಮಾಧಾನದಲ್ಲಿ ಈ ದೋಷ ವರ್ಷಗಟ್ಟಲೆ ಉಳಿದುಬಿಡುತ್ತದೆ. ಮದ್ದು ಸರಳ: ಒಂದೇ ಒಂದು ಹೆಜ್ಜೆ ಹಾಕಿ ನಿಲ್ಲಿ, ಚುಕ್ಕಿ ನೋಡಿ, ಹಿಂದೆ ಬಂದು ಮತ್ತೆ ಹಾಕಿ.

ನಿಲ್ಲುವ ಲೆಕ್ಕವನ್ನೂ ತಿಳಿದಿರಿ. ಎಂಟು ಎಣಿಕೆ ನಡೆದರೆ ಎಂಟಕ್ಕೆ ಬಲಪಾದ ಬೀಳುತ್ತದೆ. ಎಡಪಾದ ಬಂದು ಕೂಡಿಕೊಳ್ಳುವುದು ಮುಂದಿನ ‘ಒಂದ’ಕ್ಕೆ. ಎಂಟಕ್ಕೇ ಎರಡೂ ಪಾದ ಜೋಡಿಸಲು ಹೋದರೆ ಮೈ ಮುಗ್ಗರಿಸಿ ವಾದ್ಯ ಕೆಳಗೆ ತಲೆದೂಗುತ್ತದೆ.

ಇನ್ನು ಹಿಮ್ಮಡಿಯ ಸದ್ದು. ಕವಾಯತಿನಲ್ಲಿ ಬೂಟಿನ ಸದ್ದೇ ಶಿಸ್ತು. ಮೈಸೂರು ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡು ರಸ್ತೆಯಲ್ಲಿ ಸಾಲಾಗಿ ಸಾಗುವಾಗ ಆ ಗತ್ತು ಬೇಕೇ ಬೇಕು. ಕೋರ್‌ನಲ್ಲಿ ಹಿಮ್ಮಡಿಯ ಸದ್ದು ಕೇಳಿಸಿದರೆ ಅದು ತಪ್ಪು. ಹಿಮ್ಮಡಿ ಕುಕ್ಕಿದಾಗ ಆಘಾತ ಮೌತ್‌ಪೀಸಿಗೆ ತಲುಪಿ ಸ್ವರ ನಡುಗುತ್ತದೆ. ದಿನವಿಡೀ ಹೀಗಾದರೆ ತುಟಿಯ ಒಳಭಾಗ ಬಾಯುತ್ತದೆ. ಒಂದೇ ಸ್ವರವನ್ನು ಹದಿನಾರು ಎಣಿಕೆ ಹಿಡಿದು ನಡೆಯಿರಿ, ಗೆಳೆಯರೊಬ್ಬರು ಕಣ್ಣು ಮುಚ್ಚಿ ಕೇಳಲಿ. ನೀವು ನಡೆಯಲು ಶುರು ಮಾಡಿದ್ದು ಯಾವಾಗ ಎಂದು ಅವರಿಗೆ ಗೊತ್ತಾಗಬಾರದು.

ಹಿಂದಕ್ಕೆ

ಹಿಂದೆ ನಡೆಯುವಾಗ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ತುದಿಗಾಲಿನಲ್ಲೇ, ಅಂದರೆ ಪ್ಲಾಟ್‌ಫಾರ್ಮಿನ ಮೇಲೆಯೇ ಹೆಜ್ಜೆ, ಹಿಮ್ಮಡಿ ಮೂರರಿಂದ ಐದು ಸೆಂ.ಮೀ. ಮೇಲೆ. (ತೀರ ನಿಧಾನ ಲಯಕ್ಕೆ ಹಿಮ್ಮಡಿ ಇಳಿಸುವ ಪದ್ಧತಿಯೂ ಉಂಟು, ಕೋರ್ ಹೇಳಿದ ಹಾಗೆ ಕೇಳಿ.) ಕಾಲನ್ನು ಮಂಡಿಯಿಂದಲ್ಲ, ಸೊಂಟದ ಕೀಲಿನಿಂದ ಹಿಂದೆ ಕಳುಹಿಸಿ. ಕಾಲ್ಬೆರಳು ಹುಲ್ಲನ್ನು ಸವರಿಕೊಂಡು ಹೋಗಲಿ. ಅರೆ ಎಣಿಕೆಗೆ ಕಾಲಗಿಣ್ಣುಗಳು ದಾಟುವ ನಿಯಮ ಇಲ್ಲೂ ಅದೇ.

ಕೆಡುವುದು ಮೂರು ಕಡೆ. ಒಂದು, ಹಿಮ್ಮಡಿ ಕುಸಿದು ಮೈ ಏರಿಳಿಯುವುದು. ಮೀನಖಂಡದಲ್ಲಿ ಬಲವಿಲ್ಲದವರಿಗೆ ಎರಡು ನಿಮಿಷದಲ್ಲೇ ಹೀಗಾಗುತ್ತದೆ. ಎರಡು, ಹಿಂದೆ ಏನಿದೆಯೋ ಎಂಬ ಅಂಜಿಕೆಗೆ ಭುಜ ಹಿಂದೆ ವಾಲುವುದು. ವಾಲಿದರೆ ಹೆಜ್ಜೆ ದೊಡ್ಡದಾಗುತ್ತದೆ, ಮೈ ಮೇಲಿನ ಹಿಡಿತ ತಪ್ಪುತ್ತದೆ, ಬಿದ್ದರೆ ಬೀಳುವುದೂ ಹಿಂದಕ್ಕೇ. ಮೂರು, ವಾಲಬಾರದೆಂದು ಹೇಳಿಸಿಕೊಂಡವರು ಪೃಷ್ಠ ಹಿಂದೆ ತಳ್ಳಿ ಸೊಂಟದಲ್ಲಿ ಮಡಿಯುವುದು. ಭಾರ ಸದಾ ಸಾಗುವ ದಿಕ್ಕಿಗೆ ಎದುರಾಗಿ, ಕಾಲ್ಬೆರಳುಗಳ ಮೇಲೆ ಇರಬೇಕು. ‘ಇನ್ನೇನು ಮುಂದೆ ಹೆಜ್ಜೆ ಇಡುತ್ತೇನೆ’ ಎನ್ನುವ ಮೈಯಲ್ಲೇ ಹಿಂದೆ ಹೋಗುವುದು.

ದಿನಕ್ಕೆ ಎರಡು ಸಲ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವ ವ್ಯಾಯಾಮ ಇಪ್ಪತ್ತು ಬಾರಿ ಮಾಡಿದರೆ ಮೂರ್ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಮುಂದಿನಿಂದ ಹಿಂದಕ್ಕೆ ಥಟ್ಟನೆ ತಿರುಗುವಾಗ ಕೊನೆಯ ಮುಂದಿನ ಹೆಜ್ಜೆಯನ್ನು ಹಿಮ್ಮಡಿಯಿಂದ ಉರುಳಿಸದೆ ಪ್ಲಾಟ್‌ಫಾರ್ಮಿನ ಮೇಲೇ ಊರಿ, ಮೈ ಆ ಪಾದವನ್ನು ದಾಟದಂತೆ ತಡೆದು, ಅರೆ ಎಣಿಕೆಗೆ ನೆಲ ಒತ್ತಿ ಹಿಂತಿರುಗಬೇಕು. ಮೈ ಪಾದಕ್ಕಿಂತ ಮುಂದೆ ಹೋಗಿಬಿಟ್ಟರೆ ಹಿಂದಿನ ಮೊದಲ ಹೆಜ್ಜೆ ಅರ್ಧ ಎಣಿಕೆ ತಡ. ಇಲ್ಲಿ ತಲೆಯ ಮೇಲಿನ ಪ್ಲೂಮು (ಟೋಪಿಯ ಗರಿ), ಕೈಯಲ್ಲಿನ ವಾದ್ಯ ಎರಡೂ ಗುಟ್ಟು ಬಿಟ್ಟುಕೊಡುತ್ತವೆ.

ಅಡ್ಡ ನಡಿಗೆ

ಬಲಕ್ಕೋ ಎಡಕ್ಕೋ ಸಾಗುವಾಗಲೂ ಹಿತ್ತಾಳೆ ವಾದ್ಯದ ಬಾಯಿ ಪ್ರೇಕ್ಷಕರ ಕಡೆಗೇ ಇರಬೇಕು. ಇದು ಸ್ಲೈಡ್. ಪಾದ ಸಾಗುವ ದಿಕ್ಕಿಗೆ 90 ಡಿಗ್ರಿ ತಿರುಗಿದೆ, ಭುಜ ಮುಂದಕ್ಕೇ ಇದೆ, ಸೊಂಟ ನಡುವೆ ಸುಮಾರು 45 ಡಿಗ್ರಿಯಲ್ಲಿ ರಾಜಿ ಮಾಡಿಕೊಂಡಿದೆ. ತಿರುಚು ಹೊಟ್ಟೆ-ಪಕ್ಕೆಲುಬಿನ ಭಾಗದಲ್ಲಿ ನಡೆಯಬೇಕು. ಬೆನ್ನ ಕೆಳಭಾಗವನ್ನೇ ತಿರುಚಿದರೆ ಸಂಜೆಯೊಳಗೆ ನೋವು ಖಂಡಿತ. ಎಷ್ಟೇ ಹೇಳಿದರೂ ನಾಲ್ಕು ಹೆಜ್ಜೆಯಾದ ಮೇಲೆ ಭುಜ ಮೆಲ್ಲಗೆ ಕಾಲಿನ ದಿಕ್ಕಿಗೆ ಹೊರಳುತ್ತದೆ. ಗೋಡೆಗೆ ಎದುರಾಗಿ ಒಂದು ಗೇಣು ದೂರ ನಿಂತು, ಎರಡೂ ಭುಜ ಗೋಡೆಯಿಂದ ಅಷ್ಟೇ ದೂರ ಇರುವಂತೆ ಗೋಡೆಯುದ್ದಕ್ಕೂ ಅಡ್ಡ ನಡೆಯಿರಿ. ಯಾವ ಭುಜ ಓಡಿಹೋಗುತ್ತದೆ ಎಂದು ಆಗಲೇ ಗೊತ್ತಾಗುತ್ತದೆ.

ಟ್ಯೂಬಾದವರ ಕಷ್ಟ ಬೇರೆ. ಹತ್ತು ಕಿಲೋ ಮೀರಿದ ವಾದ್ಯ ಎಡ ಹೆಗಲ ಮೇಲೆ ಕೂತಿರುವುದರಿಂದ ಎಡಗಡೆಯ ನೋಟವೇ ಇಲ್ಲ. ಸಾಲು ಸರಿಪಡಿಸಿಕೊಳ್ಳಲು ಅವರಿಗೆ ಬಲಗಡೆಯವರೇ ಗತಿ, ಎಡಕ್ಕೆ ಸಾಗುವಾಗಲಂತೂ ಜಾಗದ ಲೆಕ್ಕವನ್ನಷ್ಟೇ ನಂಬಬೇಕು.

ಬ್ಯಾಟರಿಯವರು ಸ್ಲೈಡ್ ಮಾಡುವುದಿಲ್ಲ. ಮೈಗೆ ಕಟ್ಟಿದ ಡ್ರಮ್ ಸೊಂಟವನ್ನು ತಿರುಗಲು ಬಿಡುವುದಿಲ್ಲ, ಅದಕ್ಕೇ ಏಡಿ ನಡಿಗೆ, ಕ್ರ್ಯಾಬ್ ಸ್ಟೆಪ್. ಬಲಕ್ಕೆ ಹೋಗುವಾಗ ‘ಒಂದ’ಕ್ಕೆ ಎಡಗಾಲು ಬಲಗಾಲಿನ ಮುಂದಿನಿಂದ ದಾಟುತ್ತದೆ, ‘ಎರಡ’ಕ್ಕೆ ಬಲಗಾಲು ತೆರೆಯುತ್ತದೆ. ಎಡಕ್ಕಾದರೆ ಮೊದಲು ಎಡಗಾಲು ತೆರೆಯುತ್ತದೆ, ಎರಡಕ್ಕೆ ಬಲಗಾಲು ಮುಂದಿನಿಂದ ದಾಟುತ್ತದೆ. ಪಾದ ಮುಂದಕ್ಕೇ ನೋಡುತ್ತಿರಬೇಕು, ನೆಲ ಮುಟ್ಟುವುದು ತುದಿಗಾಲು, ಮಂಡಿ ತುಸು ಸಡಿಲ. ಎಲ್ಲ ಹೆಜ್ಜೆಗಳೂ ಒಂದೇ ಅಳತೆಯಲ್ಲಿರಬೇಕು. ದಾಟುವ ಹೆಜ್ಜೆ ಚಿಕ್ಕದು, ತೆರೆಯುವ ಹೆಜ್ಜೆ ದೊಡ್ಡದು ಆಗಿಬಿಡುವುದು ಇಲ್ಲಿನ ಹುಟ್ಟುದೋಷ, ನೋಡುವವರಿಗೆ ಡ್ರಮ್‌ಗಳ ಸಾಲು ಕುಂಟುತ್ತಿರುವಂತೆ ಕಾಣುತ್ತದೆ.

ದೊಡ್ಡ ಹೆಜ್ಜೆ, ಓಟ

6 ಟು 5ರವರೆಗೆ ನೇರಗಾಲು ಹೇಗೋ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ, ವೇಗವೂ ಹೆಚ್ಚಿದರೆ, ಹಿಮ್ಮಡಿಯಿಂದ ನಡೆಯುವುದು ಅಸಾಧ್ಯವಾಗುತ್ತ ಹೋಗುತ್ತದೆ. ಆಗ ಜಾಸ್ ರನ್: ತುದಿಗಾಲು ಮೊದಲು, ಮಂಡಿ ಮಡಿದು, ಸೊಂಟ ಒಂದು ಹಿಡಿಯಷ್ಟು ಕೆಳಗೆ, ತಲೆಯ ಮಟ್ಟ ಹೊರಟಾಗಿನಿಂದ ನಿಲ್ಲುವವರೆಗೆ ಒಂದೇ. ಮುಖ್ಯವಾದದ್ದು, ಸೊಂಟ ಇಳಿಸುವುದು ಹೊರಡುವ ಹಿಂದಿನ ಎಣಿಕೆಯಲ್ಲೇ ಮುಗಿದಿರಬೇಕು. ಮೊದಲ ಹೆಜ್ಜೆಯಲ್ಲಿ ಇಳಿದರೆ ಸಾಲಿನ ತಲೆಗಳೆಲ್ಲ ಮುಳುಗಿದಂತೆ ಕಾಣುತ್ತದೆ.

ಡಾಟ್ ಓದುವುದು, ಹಾದಿ ಲೆಕ್ಕ ಹಾಕುವುದು

ಪ್ರತಿ ಸೆಟ್‌ಗೂ, ಅಂದರೆ ಎಲ್ಲರೂ ಸೇರಿ ಮೂಡಿಸುವ ಒಂದೊಂದು ಆಕಾರಕ್ಕೂ, ನಿಮಗೊಂದು ಜಾಗ, ಅದೇ ನಿಮ್ಮ ‘ಡಾಟ್’. ಅದನ್ನೆಲ್ಲ ಬರೆದಿಟ್ಟುಕೊಂಡ ಪುಟ್ಟ ಪುಸ್ತಕ ಕುತ್ತಿಗೆಯಲ್ಲೋ ಸೊಂಟದಲ್ಲೋ ನೇತಾಡುತ್ತಿರುತ್ತದೆ. ಪ್ರೇಕ್ಷಕರ ಎಡಕ್ಕಿರುವ ಅರ್ಧ ‘ಸೈಡ್ 1’, ಬಲಕ್ಕಿರುವುದು ‘ಸೈಡ್ 2’. ಗೆರೆಗಳ ಸಂಖ್ಯೆ ಆಯಾ ಬದಿಯ ಗೋಲು ಗೆರೆಯಿಂದ ಎಣಿಸಿದ ಗಜಗಳು, ನಟ್ಟನಡುವಿನದು 50. ಆ 50ರ ಗೆರೆಯ ಕಡೆಗೆ ಎಂದರೆ ‘ಇನ್‌ಸೈಡ್’, ಅದರಿಂದ ದೂರಕ್ಕೆ ‘ಔಟ್‌ಸೈಡ್’.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಈಗ ನಿಂತಿರುವುದು ಸೈಡ್ 1, 40ರ ಗೆರೆಯ ಮೇಲೆ, ಮುಂದಿನ ಹ್ಯಾಶ್‌ಗಿಂತ 4 ಹೆಜ್ಜೆ ಮುಂದೆ. ಹೋಗಬೇಕಾದ್ದು ಸೈಡ್ 1, 45ಕ್ಕೆ 4 ಇನ್‌ಸೈಡ್, ಮುಂದಿನ ಹ್ಯಾಶ್‌ಗಿಂತ 5 ಹಿಂದೆ. ಸಮಯ 16 ಎಣಿಕೆ.

ಅಡ್ಡಕ್ಕೆ: 40ರಿಂದ 45ಕ್ಕೆ 8, ಮೇಲೆ 4, ಒಟ್ಟು 12 ಹೆಜ್ಜೆ. ಹಿಂದಕ್ಕೆ: 4 ಮತ್ತು 5 ಸೇರಿ 9. ಕರ್ಣ 15 ಹೆಜ್ಜೆ. ಹದಿನೈದು ಹೆಜ್ಜೆಯ ದೂರವನ್ನು ಹದಿನಾರು ಎಣಿಕೆಯಲ್ಲಿ ಮುಗಿಸಬೇಕು, ಅಂದರೆ ಒಂದೊಂದು ಹೆಜ್ಜೆ 53.6 ಸೆಂ.ಮೀ., 8 ಟು 5ಕ್ಕಿಂತ ಮೂರೂವರೆ ಸೆಂ.ಮೀ. ಚಿಕ್ಕದು. ಇದನ್ನು ಎಂಟೂವರೆ ಟು 5 ಎಂದು ಬರೆದುಕೊಳ್ಳುತ್ತಾರೆ.

ಇಲ್ಲಿಗೆ ನಿಲ್ಲಿಸಬೇಡಿ. ಮಧ್ಯಬಿಂದು ತೆಗೆಯಿರಿ: 8ನೇ ಎಣಿಕೆಗೆ 6 ಹೆಜ್ಜೆ ಅಡ್ಡ, ನಾಲ್ಕೂವರೆ ಹಿಂದೆ. ಅಂದರೆ 45ಕ್ಕೆ 2 ಔಟ್‌ಸೈಡ್, ಹ್ಯಾಶ್‌ಗೆ ಅರ್ಧ ಹೆಜ್ಜೆ ಹಿಂದೆ. ಆಮೇಲೆ ಗೆರೆ ದಾಟುವ ಎಣಿಕೆಗಳು: 7ನೇ ಎಣಿಕೆಗೆ ಎಡಪಾದ ಬೀಳುವಾಗ ಹ್ಯಾಶ್ ಇನ್ನೂ ಮೂರೂವರೆ ಸೆಂ.ಮೀ. ಹಿಂದಿರುತ್ತದೆ, 45ರ ಗೆರೆಯನ್ನು 10 ಮತ್ತು 11ರ ನಡುವೆ, 11ಕ್ಕೆ ಹತ್ತಿರವಾಗಿ ದಾಟುತ್ತೀರಿ. ಈ ಮೂರು ಗುರುತು ಗೊತ್ತಿದ್ದವರಿಗೆ ಹಾದಿ ತಪ್ಪುತ್ತಿದೆ ಎಂದು ಏಳನೇ ಎಣಿಕೆಯಲ್ಲೇ ತಿಳಿಯುತ್ತದೆ. ಗೊತ್ತಿಲ್ಲದವರಿಗೆ ಹದಿನಾಲ್ಕರಲ್ಲಿ ತಿಳಿದು, ಕೊನೆಯ ಎರಡು ಹೆಜ್ಜೆಯಲ್ಲಿ ಹಾರಿಕೊಂಡು ಹೋಗಿ ಸೇರುತ್ತಾರೆ. ತೀರ್ಪುಗಾರರ ಕಣ್ಣಿಗೆ ಅದಕ್ಕಿಂತ ಸುಲಭದ ಬೇಟೆ ಇಲ್ಲ.

ಡಾಟ್ ಮೇಲೆ ಪಾದದ ಯಾವ ಭಾಗ ಇರಬೇಕು ಎಂಬುದು ಕೋರ್‌ನಿಂದ ಕೋರ್‌ಗೆ ಬೇರೆ. ಕೆಲವರಿಗೆ ಪ್ಲಾಟ್‌ಫಾರ್ಮ್, ಕೆಲವರಿಗೆ ಪಾದದ ನಡುಭಾಗ. ಇದನ್ನು ಕೇಳದೆ ಉಳಿದರೆ ಒಂದೇ ಸಾಲಿನಲ್ಲಿ ಅರ್ಧ ಪಾದದ ವ್ಯತ್ಯಾಸ ಬರುತ್ತದೆ. ಇನ್ನು, ಪಕ್ಕದವರು ತಪ್ಪಿದ್ದಾರೆ, ನಾನು ಡಾಟ್ ಮೇಲಿದ್ದೇನೆ ಎಂದಾದರೆ? ಅಭ್ಯಾಸದಲ್ಲಿ ಡಾಟ್ ಬಿಡಬೇಡಿ, ತಪ್ಪು ಯಾರದೆಂದು ಗೊತ್ತಾಗಲಿ. ಪ್ರದರ್ಶನದಲ್ಲಿ ಸಾಲಿನ ಆಕಾರ ಉಳಿಸಿ, ಮೇಲಿನಿಂದ ನೋಡುವವರಿಗೆ ಡಾಟ್ ಕಾಣುವುದಿಲ್ಲ, ಬಾಗಿದ ಸಾಲು ಕಾಣುತ್ತದೆ.

ಕಿವಿಯನ್ನು ಎಷ್ಟು ನಂಬಬೇಕು

ಮೈದಾನದ ಹಿಂದಿನ ಅಂಚಿನಿಂದ ಮುಂದಿನ ಅಂಚಿಗೆ ಸುಮಾರು 49 ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ, ಹಾಗಾಗಿ ಹಿಂದೆ ಬಾರಿಸಿದ್ದು ಮುಂದೆ ತಲುಪಲು 0.14 ಸೆಕೆಂಡು. ಲಯ 160 ಇದ್ದರೆ ಒಂದು ಎಣಿಕೆ 0.375 ಸೆಕೆಂಡು. ಎಣಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡ! ಮುಂದಿರುವ ಪಿಟ್‌ನ ಸದ್ದನ್ನು ಹಿಂದೆ ನಿಂತವರು ಕೇಳಿಕೊಂಡು ಕಾಲಿಟ್ಟರೆ, ಅವರ ಸ್ವರ ವಾಪಸ್ ಮುಂದೆ ಬರುವಷ್ಟರಲ್ಲಿ ತಡ ಇಮ್ಮಡಿಯಾಗಿರುತ್ತದೆ.

ಅದಕ್ಕೇ ಪದ್ಧತಿ ಹೀಗಿದೆ: ಮೈದಾನದ ಹಿಂಭಾಗದವರು, ಸಾಮಾನ್ಯವಾಗಿ ಬ್ಯಾಟರಿಯವರು, ಮುಂದೆ ನಿಂತು ಕೈಯಿಂದ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಿ ಕಾಲಿಡುತ್ತಾರೆ, ಬೆಳಕಿಗೆ ತಡವಿಲ್ಲ. ಅವರ ಮುಂದಿರುವ ಹಿತ್ತಾಳೆಯವರು, ಪಿಟ್‌ನವರು ಹಿಂದಿನಿಂದ ಬರುವ ಸದ್ದಿಗೆ ಹೊಂದಿಕೊಳ್ಳುತ್ತಾರೆ. ಎಂದೂ ಮುಂದಿನಿಂದ ಅಥವಾ ಪಕ್ಕದಿಂದ ಬಂದ ಸದ್ದಿಗಲ್ಲ. ಅಭ್ಯಾಸದಲ್ಲಿ ಮೆಟ್ರೊನೋಮಿನ ಸ್ಪೀಕರನ್ನು ಮೈದಾನದ ಹಿಂದೆ ಇಡುವುದೂ ಇದೇ ಕಾರಣಕ್ಕೆ. ಗೆಳೆಯರ ಗುಂಪು ಸೇರಿ ಅಭ್ಯಾಸ ಮಾಡುವಾಗ ಸ್ಪೀಕರನ್ನು ಮುಂದೆ ಇಟ್ಟುಕೊಳ್ಳುವುದು ತೀರ ಸಾಮಾನ್ಯವಾದ ತಪ್ಪು.

ದಿನದ ಅಭ್ಯಾಸ

ಒಬ್ಬರೇ ಇದ್ದರೆ ನಲವತ್ತು ನಿಮಿಷ ಸಾಕು. ನಿಂತಲ್ಲೇ ಮಾರ್ಕ್ ಟೈಮ್ ಐದು ನಿಮಿಷ, ಕಾಲ್ಬೆರಳು ನೆಲದಲ್ಲೇ ಇದ್ದು ಹಿಮ್ಮಡಿ ಮಾತ್ರ ಏಳಲಿ, ಎಣಿಕೆಗೆ ಹಿಮ್ಮಡಿ ಕೆಳಗೆ. ಆಮೇಲೆ ‘8 ಮತ್ತು 8’: ಎಂಟು ನಡೆ, ಎಂಟು ಮಾರ್ಕ್ ಟೈಮ್, ಮುಂದೂ ಹಿಂದೂ, ಲಯ 80ರಿಂದ ಶುರುವಾಗಿ 144ರವರೆಗೆ. ಆಮೇಲೆ ಚೌಕ: ಎಂಟು ಮುಂದೆ, ಎಂಟು ಎಡ ಸ್ಲೈಡ್, ಎಂಟು ಹಿಂದೆ, ಎಂಟು ಬಲ ಸ್ಲೈಡ್. ಕೊನೆಗೆ ಹೊರಟ ಚುಕ್ಕಿಗೇ ಬಂದು ನಿಲ್ಲಬೇಕು. ನಿಂತಿದ್ದು ಸದಾ ಮುಂದಕ್ಕೆ ಸರಿದಿದ್ದರೆ ನಿಮ್ಮ ಹಿಂದಿನ ಹೆಜ್ಜೆ ಚಿಕ್ಕದು, ಬಹುತೇಕ ಎಲ್ಲರದೂ ಹಾಗೆಯೇ. ಕೊನೆಯದಾಗಿ ಒಂದೇ ಮನೆಯನ್ನು 16, 12, 8, 6 ಎಣಿಕೆಗಳಲ್ಲಿ ಬಿಡುವಿಲ್ಲದೆ ದಾಟಿ. ಲಯ ಬದಲಾಗಬಾರದು, ತಲೆಯ ಮಟ್ಟ ಬದಲಾಗಬಾರದು, ಹೆಜ್ಜೆ ಮಾತ್ರ ಬದಲಾಗಬೇಕು.

ಓಡುವ ಶೂ ಹಾಕಿ, ಹುಲ್ಲು ಅಥವಾ ಟರ್ಫ್ ಸಿಕ್ಕರೆ ಅದರ ಮೇಲೆಯೇ ಮಾಡಿ. ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ನಡೆದರೆ ಮೊಣಕಾಲ ಕೆಳಗಿನ ಮೂಳೆಯುದ್ದಕ್ಕೂ ನೋವು ಬರುತ್ತದೆ, ಶಿನ್ ಸ್ಪ್ಲಿಂಟ್ಸ್. ವಿಶ್ರಾಂತಿ, ಮಂಜುಗಡ್ಡೆ, ಅಭ್ಯಾಸದ ಅವಧಿ ಇಳಿಸುವುದು ಇದಕ್ಕೆ ಮದ್ದು. ಆದರೆ ನೋವು ಒಂದೇ ಬೆರಳಿನಿಂದ ತೋರಿಸುವಷ್ಟು ಚಿಕ್ಕ ಜಾಗದಲ್ಲಿ ಕೂತು, ಮಲಗಿದಾಗಲೂ ಕಾಡಿದರೆ ಮೂಳೆಯಲ್ಲಿ ಸೀಳು ಇರಬಹುದು, ವೈದ್ಯರಿಗೆ ತೋರಿಸದೆ ಮತ್ತೆ ನಡೆಯಬೇಡಿ. ಬೇಸಿಗೆಯ ಪ್ರವಾಸದಲ್ಲಿ ದಿನಕ್ಕೆ ಹತ್ತು ಗಂಟೆ ಮೀರಿದ ಅಭ್ಯಾಸ ಹೊಸತಲ್ಲ. ಅದಕ್ಕೆ ಕಾಲನ್ನು ಮೇ ತಿಂಗಳಲ್ಲಿ ತಯಾರು ಮಾಡಲು ಹೊರಟರೆ ತಡವಾಯಿತು, ಜನವರಿಯಿಂದಲೇ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಬನ್ನಿ.

ಆಡಿಶನ್‌ನಲ್ಲಿ

ಚಳಿಗಾಲದ ಕ್ಯಾಂಪುಗಳಲ್ಲಿ ಸಣ್ಣ ಗುಂಪುಗಳಾಗಿ ಜಿಮ್ ನೆಲದ ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಸಿ ನೋಡುತ್ತಾರೆ. ಇಲ್ಲಿ ಓದಿದ್ದಕ್ಕೆ ವಿರುದ್ಧವಾದದ್ದನ್ನೂ ಹೇಳಬಹುದು: ಕಾಲ್ಬೆರಳು ಇಷ್ಟು ಎತ್ತಬೇಡ, ಮಂಡಿ ಸಡಿಲ ಬಿಡು, ಹಿಮ್ಮಡಿ ಇನ್ನೂ ಕೆಳಗೆ. ‘ನಮ್ಮ ಶಾಲೆಯಲ್ಲಿ ಹೀಗೆ ಕಲಿಸಿದ್ದಾರೆ’ ಎಂಬ ಉತ್ತರ ಕೊಡಬೇಡಿ. ಒಂದು ತಿದ್ದುಪಡಿ ಹೇಳಿದ ಮೇಲೆ ಮುಂದಿನ ಸರದಿಯಲ್ಲೇ ಅದು ಮೈಯಲ್ಲಿ ಕಾಣುತ್ತದೆಯೇ ಎಂದು ನೋಡುತ್ತಿರುತ್ತಾರೆ. ಒಮ್ಮೆಗೆ ಎರಡು-ಮೂರು ತಿದ್ದುಪಡಿ ಬಂದಾಗ ಕೊನೆಯದಾಗಿ ಹೇಳಿದ್ದನ್ನು ಮೊದಲು ಮಾಡಿ ತೋರಿಸಿ. ಸರದಿ ಮುಗಿಸಿ ಗೋಡೆ ಮುಟ್ಟಿದ ಮೇಲೂ ನಿಲುವು ಬಿಡಬೇಡಿ, ಸಾಲು ಬಿಡಿಸುವ ಸೂಚನೆ ಬರುವವರೆಗೆ ವಾದ್ಯ ಮೇಲೆಯೇ ಇರಲಿ.